ಕೋಳಿಮರಿ ಕೊಟ್ರೆ ಸಾಲದು, ಗೂಡು ಕಟ್ಟೋಕೆ ಜಾಗ ಕೊಡಿ. ನಾಯಿಗೆ ಮದ್ದು ಇಕ್ಕಬೇಡಿ



ಒಳಮೀಸಲಾತಿ, ಪಿಟಿಸಿಎಲ್ ಅಂತ ಬರೆಯೋ ಮನುಷ್ಯ ಇವತ್ತು ಕೋಳಿ ನಾಯಿ ಹಿಡ್ಕೊಂಡು ಕೂತವ್ನೆ ಅಂತ ನಗಬೇಡಿ. ಇದೂ ಅದೇ ವಿಷಯ. ಪೋಸ್ಟ್ ಉದ್ದ ಇದೆ, ಬಿಡುವಾದಾಗ ಓದಿ.

ಬಂಗಾರಪೇಟೆ ಸುತ್ತಮುತ್ತ ಎರಡು ಮೂರು ಕೇರಿಗಳಲ್ಲಿ ಈಚೆಗೆ ಒಂದೇ ಮಾತು ಕೇಳ್ತಾ ಇದೀನಿ. ಸಂಘದ ಹೆಣ್ಣುಮಕ್ಕಳಿಗೆ ಯೋಜನೆ ಲೆಕ್ಕದಲ್ಲಿ ಕೋಳಿಮರಿ ಬಂತು. ಪೆಟ್ಟಿಗೆ ಬಿಚ್ಚಿದ್ದಾಯ್ತು, ಫೋಟೋ ಹೊಡೆದದ್ದಾಯ್ತು. ತಿಂಗಳು ತುಂಬೋದರೊಳಗೆ ಮುಕ್ಕಾಲು ಪಾಲು ನಾಯಿ ಬಾಯಿಗೆ ಹೋಯ್ತು. ಈಗ ಕೇರಿ ಗಂಡಸರು "ಈ ನಾಯ್ಗಳಿಗೆ ಒಂದ್ಸಲ ಮದ್ದು ಇಕ್ಕಿಬಿಟ್ರೆ ಸರಿಹೋಯ್ತದೆ" ಅಂತಾವ್ರೆ. ಜಾತಿ ಪ್ರಮಾಣಪತ್ರದ ಅರ್ಜಿ ತುಂಬಿಕೊಡೋಕೆ ಹೋಗಿದ್ದ ಕಡೆ ನನ್ನನ್ನೇ ಪಂಚಾಯ್ತಿಗೆ ಕೂರಿಸಿದರು. ಬೇಡ ಅಂದೆ. ಅಲ್ಲಿ ಎರಡು ಮಾತಲ್ಲಿ ಹೇಳಿದ್ದನ್ನ ಇಲ್ಲಿ ಬಿಡಿಸಿ ಹೇಳ್ತೀನಿ.

ಮೊದಲು ಕಾನೂನು ಮುಗಿಸಿಬಿಡೋಣ. ಪ್ರಾಣಿಗೆ ವಿಷ ಇಟ್ಟು ಕೊಲ್ಲೋದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಅಪರಾಧ, ಐದು ವರ್ಷದವರೆಗೆ ಶಿಕ್ಷೆ ಇದೆ. ನಮ್ಮ ಹುಡುಗರ ಮೇಲೆ ಕೇಸ್ ಹಾಕೋಕೆ ನೆಪ ಹುಡುಕ್ತಾ ಇರೋರು ಊರಲ್ಲಿ ಎಷ್ಟು ಜನ ಇದ್ದಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅದೂ ಅಲ್ಲದೆ ವಿಷ ಹಾಕಿದ ತುಂಡು ನಾಯಿ ಬಾಯಲ್ಲೇ ಉಳಿಯಲ್ಲ. ಅದನ್ನ ಕೋಳಿ ಕೆದರುತ್ತೆ, ಅಂಗಳದಲ್ಲಿ ಆಡೋ ಮಗು ಮುಟ್ಟುತ್ತೆ. ಇಷ್ಟಕ್ಕೇ ಸಾಕು ಅನ್ನಬಹುದು. ಆದರೆ ನನ್ನ ತಕರಾರು ಇದಕ್ಕಿಂತ ದೊಡ್ಡದು.

ಮನುಸ್ಮೃತಿ ಓದಿರೋರು ನಮ್ಮಲ್ಲಿ ಕಡಿಮೆ, ಬೈಯೋರು ಜಾಸ್ತಿ. ಒಂದ್ಸಲ ತೆಗೆದು ನೋಡಿ. 10ನೇ ಅಧ್ಯಾಯದ 51, 52ನೇ ಶ್ಲೋಕಗಳಲ್ಲಿ ಚಂಡಾಲರು ಊರಾಚೆ ಇರಬೇಕು, ಅವರ ಆಸ್ತಿ ಅಂದ್ರೆ ನಾಯಿ ಮತ್ತು ಕತ್ತೆ ಅಂತ ಕಟ್ಟಳೆ ಇದೆ. 3ನೇ ಅಧ್ಯಾಯದ 239ರಲ್ಲಿ ಇನ್ನೊಂದು ಪಟ್ಟಿ ಸಿಗುತ್ತೆ. ಬ್ರಾಹ್ಮಣ ಊಟ ಮಾಡುವಾಗ ಯಾರ ಕಣ್ಣು ಬೀಳಬಾರದು ಅಂತ. ಚಂಡಾಲ, ಹಂದಿ, ಹುಂಜ, ನಾಯಿ, ಮುಟ್ಟಾದ ಹೆಂಗಸು, ನಪುಂಸಕ. ನೋಡಿದ್ರಾ? ಹುಂಜ, ನಾಯಿ, ನಾವು, ನಮ್ಮ ಹೆಣ್ಣುಮಕ್ಕಳು ಎಲ್ಲರನ್ನೂ ಒಂದೇ ಸಾಲಲ್ಲಿ ನಿಲ್ಲಿಸವ್ರೆ. 5ನೇ ಅಧ್ಯಾಯದಲ್ಲಿ ಊರಕೋಳಿ ತಿಂದ ದ್ವಿಜ ಪತಿತ ಆಗ್ತಾನೆ ಅಂತಲೂ ಇದೆ. ಬಾಬಾಸಾಹೇಬರು ಮಹಾಡ್‌ನಲ್ಲಿ 1927ರ ಡಿಸೆಂಬರ್ 25ರಂದು ಸುಟ್ಟಿದ್ದು ಈ ಪುಸ್ತಕವನ್ನೇ. ಅದೇ ಊರಿನ ಚೌದಾರ್ ಕೆರೆಗೆ ದನ, ನಾಯಿ ಬಾಯಿ ಇಟ್ಟರೆ ಅಡ್ಡಿ ಇರಲಿಲ್ಲ, ನಮ್ಮ ಜನ ಬೊಗಸೆ ಇಟ್ಟರೆ ಕೆರೆ ಮೈಲಿಗೆ ಆಗ್ತಿತ್ತು.

ಈಗ ಕೋಲಾರ ಹೈವೇಲಿ ನೂರು ಹೆಜ್ಜೆಗೊಂದು ಬೋರ್ಡು, ನಾಟಿಕೋಳಿ ಸಾರು ಮುದ್ದೆ. ಕಾರು ನಿಲ್ಲಿಸಿ ಉಣ್ಣೋರಲ್ಲಿ ಎಲ್ಲಾ ಜಾತಿಯೋರೂ ಇದ್ದಾರೆ. ಬೆಂಗಳೂರಲ್ಲಿ ಅದೇ ಕೋಳಿ ಮೊಟ್ಟೆಯನ್ನ ಕಾಗದದ ಡಬ್ಬಿಯಲ್ಲಿ ಹಾಕಿ ಹಸಿರು ಅಕ್ಷರದಲ್ಲಿ ಹೆಸರು ಬರೆದು ಮಾರ್ತಾರೆ. ಅಂದ್ರೆ ಕೋಳಿಗೆ ಬಡ್ತಿ ಸಿಕ್ಕಿತು, ಸಾಕಿದವಳಿಗೆ ಸಿಗಲಿಲ್ಲ. ಆಫೀಸಲ್ಲಿ ಗುಮಾಸ್ತ ಕೆಲಸ ಮಾಡೋ ನನಗೆ ಈ ತರದ ಬಡ್ತಿ ಚೆನ್ನಾಗಿ ಅರ್ಥ ಆಗುತ್ತೆ ಬಿಡಿ.

ನಾಯಿ ವಿಚಾರವೂ ಹಾಗೇ. ತಮಿಳುನಾಡಿನ ಮದುರೈ ಕಡೆ ಕೆಲವು ಹಳ್ಳಿಗಳಲ್ಲಿ ದಲಿತರು ಗಂಡು ನಾಯಿ ಸಾಕಬಾರದು ಅನ್ನೋ ಕಟ್ಟುಪಾಡು ಇದ್ದದ್ದು ವರದಿಗಳಲ್ಲಿ ಬಂದಿದೆ. ಯಾಕೆ ಗೊತ್ತಾ? ಕೇರಿಯ ಗಂಡು ನಾಯಿ ಮೇಲ್ಜಾತಿಯವರ ಹೆಣ್ಣು ನಾಯಿ ಜೊತೆ ಸೇರಬಾರದು ಅಂತ. ನಾಯಿಗೂ ಜಾತಿ ಹಚ್ಚಿದ ದೇಶ ಇದು. ಅಂಥಾ ಕಡೆ ನಮ್ಮ ಕೈಯಿಂದ ನಾವೇ ನಮ್ಮ ನಾಯಿ ಕೊಂದ್ರೆ ಲಾಭ ಯಾರಿಗೆ?

ಈಗ ಲೆಕ್ಕಕ್ಕೆ ಬರ್ತೀನಿ. ಕೋಳಿ ಅಂದ್ರೆ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ದುಡ್ಡು. ದನದ ದುಡ್ಡು ಗಂಡಸಿಂದು, ಡೇರಿ ಪಾಸ್‌ಬುಕ್ಕಲ್ಲಿ ಅವನ ಹೆಸರೇ ಇರುತ್ತೆ. ಕೂಲಿ ದುಡ್ಡು ಬರೋವಾಗಲೇ ಸಾಲಗಾರ ಬಾಗಿಲಲ್ಲಿ ನಿಂತಿರ್ತಾನೆ. ಮೊಟ್ಟೆ ದುಡ್ಡು ಮಾತ್ರ ಸೆರಗಿನ ಗಂಟಲ್ಲಿ ಉಳಿಯುತ್ತೆ. ಮಗಳ ನೋಟ್‌ಬುಕ್ಕು, ಜ್ವರದ ಮಾತ್ರೆ, ತವರಿಗೆ ಹೋಗೋ ಬಸ್ ಚಾರ್ಜು, ಸಂಘದ ವಾರದ ಕಂತು ಎಲ್ಲಾ ಅಲ್ಲಿಂದ ಬರುತ್ತೆ. ಒಂದು ನಾಟಿ ಹೇಂಟೆ ಒಂದು ಸಲಕ್ಕೆ ಹನ್ನೆರಡರಿಂದ ಹದಿನೈದು ಮೊಟ್ಟೆ ಇಡುತ್ತೆ, 21 ದಿನ ಕಾವು ಕೂರುತ್ತೆ, ವರ್ಷಕ್ಕೆ ಮೂರು ನಾಲ್ಕು ಸಲ ಇದೇ ಸುತ್ತು. ಸುಮಾರು 50, 60 ಮೊಟ್ಟೆ. ಫಾರಂನೋರು ನಗ್ತಾರೆ ಇದನ್ನ ಕೇಳಿ. ಆದರೆ ಇದಕ್ಕೆ ಚೀಲ ಚೀಲ ಫೀಡು ಬೇಕಿಲ್ಲ, ಲೈಟ್ ಬಿಲ್ ಬೇಕಿಲ್ಲ, ಕಂಪನಿ ಜೊತೆ ಕರಾರು ಬೇಕಿಲ್ಲ. ಕಣದಲ್ಲಿ ಬಿದ್ದ ರಾಗಿ, ಗೊಬ್ಬರದ ಹುಳ, ಮನೆ ಮುಸುರೆ ಸಾಕು.

ಹೇಂಟೆ ನಮ್ಮ ಕಡೆ ಇನ್ನೊಂದು ಕೆಲಸ ಮಾಡುತ್ತೆ, ಅದನ್ನ ಯಾವ ಯೋಜನೆಯೋರೂ ಬರೆದುಕೊಳ್ಳಲ್ಲ. ಅದು ನಾಯಿಗೆ ಪಾಠ ಹೇಳುತ್ತೆ.

ಬಂಗಾರಪೇಟೆ ಹತ್ತಿರ ನಮ್ಮಮ್ಮನ ಕಡೆಯ 1 ಎಕರೆ 4 ಗುಂಟೆ ಜಮೀನಿದೆ, ಮಂಜೂರಾತಿ ಜಮೀನು. ತಂಗಿ ಕುಟುಂಬ ನೋಡಿಕೊಳ್ಳುತ್ತೆ. ರಾಗಿ, ಅವರೆ, ನೀರಿದ್ದ ವರ್ಷ ಟೊಮೆಟೊ. ಇವತ್ತಿನ ಲೆಕ್ಕಕ್ಕೆ 22 ಕೋಳಿ, ಎರಡು ನಾಯಿ. ಎರಡೂ ಊರ ನಾಯಿಗಳೇ, ದುಡ್ಡು ಕೊಟ್ಟು ತಂದದ್ದಲ್ಲ. ಎರಡು ತಿಂಗಳ ಮರಿ ಇದ್ದಾಗ ತಂದು ಮರಿಕೋಳಿ ಇರೋ ಹೇಂಟೆ ಅಂಗಳದಲ್ಲೇ ಬಿಟ್ಟದ್ದು. ನಾಯಿಮರಿ ಮೂಸೋಕೆ ಹೋಯ್ತು, ಹೇಂಟೆ ಕತ್ತಿನ ಗರಿ ಎಬ್ಬಿಸಿ ಮೂತಿ ಮೇಲೆ ಕುಕ್ಕಿತು. ಎರಡನೇ ಸಲ ಕಣ್ಣ ಹತ್ತಿರ ಕುಕ್ಕಿತು. ಮೂರನೇ ಸಲ ನಾಯಿಮರಿ ದೂರದಿಂದಲೇ ಸುತ್ತು ಹಾಕಿ ಹೋಯ್ತು. ದೊಡ್ಡದಾದ ಮೇಲೂ ಕೋಳಿ ಅಂದ್ರೆ ಅದಕ್ಕೆ ಮನೆಯೋರ ಹಾಗೆ, ಜೊತೆಗೆ ಒಂಚೂರು ಹೆದರಿಕೆ.

ಆದರೂ ಒಂದೂವರೆ ವರ್ಷದವರೆಗೆ ನಂಬಬಾರದು. ಎಳೆ ನಾಯಿ ಹಸಿವಿಗೆ ಕೋಳಿ ಹಿಡಿಯಲ್ಲ, ಆಟಕ್ಕೆ ಓಡಿಸುತ್ತೆ. ಕೋಳಿ ರೆಕ್ಕೆ ಬಡಿದು ಕಿರುಚಿ ಓಡಿದಷ್ಟೂ ಅದಕ್ಕೆ ಮಜಾ. ಕೊನೆಗೆ ಬಾಯಿ ಹಾಕಿದಾಗ ಕೋಳಿ ಸತ್ತಿರುತ್ತೆ, ಎಷ್ಟೋ ಸಲ ನಾಯಿ ತಿಂದೇ ಇರಲ್ಲ, ಸತ್ತ ಕೋಳಿನ ಬಿಟ್ಟು ಇನ್ನೊಂದರ ಹಿಂದೆ ಹೋಗಿರುತ್ತೆ. ಇದನ್ನ ಅರ್ಥ ಮಾಡ್ಕೊಂಡ್ರೆ ಅರ್ಧ ಕೆಲಸ ಆದಂಗೆ. ಬೆಳಗ್ಗೆ ಕೋಳಿ ಬಿಡೋ ಮುಂಚೆ ನಾಯಿಗೆ ಮುದ್ದೆ ಹಾಕಿ. ಮನೆಯೋರು ಕಣ್ಣಿಡೋಕೆ ಆಗದ ಹೊತ್ತಲ್ಲಿ ಎಳೆ ನಾಯಿನ ನೆರಳಲ್ಲಿ ಕಟ್ಟಿ, ನೀರಿಡಿ. ಕೋಳಿ ಮುಂದೆ ಹಾದಾಗ ಸುಮ್ಮನೆ ಕೂತ್ರೆ ಒಂದು ತುತ್ತು ಕೊಡಿ, ಎದ್ದರೆ ಗದರಿಸಿ. ಓಡಿಹೋಗಿ ಹಿಡಿದು ಹೊಡೆದ್ರೆ ಅದೂ ಆಟ ಅಂದ್ಕೊಳುತ್ತೆ. ಕೋಳಿ ಕುಯ್ದಾಗ ತಲೆ, ಕರುಳು, ಪುಕ್ಕವನ್ನ ನಾಯಿ ಮುಂದೆ ಎಸೆಯೋ ಚಾಳಿ ನಮ್ಮಲ್ಲಿದೆ, ಅದನ್ನ ಬಿಡಬೇಕು. ಪುಕ್ಕದ ವಾಸನೆಗೂ ಊಟಕ್ಕೂ ನಂಟು ಹಾಕಿಕೊಟ್ಟ ಮೇಲೆ ನಾಯಿನ ಬೈದು ಏನು ಬಂತು? ಹಸಿ ಮೊಟ್ಟೆನೂ ಅಷ್ಟೇ, ರುಚಿ ಹತ್ತಿದ ನಾಯಿ ಗೂಡಿಗೇ ಹೋಗುತ್ತೆ. ಸತ್ತ ಕೋಳಿನ ನಾಯಿ ಕೊರಳಿಗೆ ಕಟ್ಟಿ ಮೂರು ದಿನ ಬಿಡೋದು ಅಂತ ಹಳಬರು ಒಂದು ಮಾತು ಹೇಳ್ತಾರೆ. ಅದು ನಾಯಿಗೆ ಹಿಂಸೆ, ಮನೆಗೆ ನಾತ. ನಾಯಿ ಅದರಿಂದ ಏನೂ ಕಲಿಯಲ್ಲ.

ಹಾಗಾದ್ರೆ ನಾಯಿ ಯಾಕೆ ಬೇಕು, ತಂಟೆನೇ ಬೇಡ ಅನ್ನೋರಿಗೆ ಒಂದು ರಾತ್ರಿ ಹೊಲದ ಮನೇಲಿ ಮಲಗಿ ನೋಡಿ ಅಂತೀನಿ. ಹಗಲು ಮುಂಗುಸಿ ಬರುತ್ತೆ, ಮೇಲಿಂದ ಗಿಡುಗ. ಕತ್ತಲಾದ ಮೇಲೆ ಕಾಡುಬೆಕ್ಕು, ಪುನುಗುಬೆಕ್ಕು, ಮೊಟ್ಟೆಗೆ ಹಾವು, ಹೆಗ್ಗಣ. ಎಲ್ಲಕ್ಕಿಂತ ಮೇಲಾಗಿ ಎರಡು ಕಾಲಿನ ಕಳ್ಳ. ಕಾಮಸಮುದ್ರದ ಕಡೆ ಆನೆ ಬಂದ್ರೆ ಪೇಪರಲ್ಲಿ ಬರುತ್ತೆ, ಮುಂಗುಸಿ ಬಂದು ಬಡವಿಯ ಆರು ಮರಿ ಕಚ್ಚಿಹಾಕಿದ್ರೆ ಯಾವ ಪೇಪರಲ್ಲೂ ಬರಲ್ಲ. ಇವನ್ನೆಲ್ಲಾ ದೂರ ಇಡೋದು ನಾಯಿ ಬೊಗಳು, ನಾಯಿ ವಾಸನೆ. ಮನೆ ನಾಯಿ ಇರೋ ಕಡೆ ಹೊರಗಿನ ನಾಯಿ ಗುಂಪೂ ಸುಲಭಕ್ಕೆ ಕಾಲಿಡಲ್ಲ. ಕೇರಿಗಳಲ್ಲಿ ಕೋಳಿ ತಿಂತಾ ಇರೋದು ಹೆಚ್ಚುಪಾಲು ಈ ಹೊರಗಿನ ಗುಂಪೇ, ಟೌನಿನ ಕೋಳಿ ಅಂಗಡಿ ತ್ಯಾಜ್ಯ ತಂದು ರಸ್ತೆ ಪಕ್ಕ ಸುರಿಯೋ ಜಾಗದಲ್ಲಿ ಬೆಳೆದಿರೋದು. ಮದ್ದು ಇಕ್ಕಿದ್ರೆ ಮೊದಲು ಸಾಯೋದು ಬಾಗಿಲಲ್ಲಿ ಮಲಗಿರೋ ನಮ್ಮ ನಾಯಿ. ಒಂದೇ ತಿಂಗಳಲ್ಲಿ ಆ ಖಾಲಿ ಜಾಗಕ್ಕೆ ಬರೋದು ಇದೇ ಗುಂಪು.

ಇಲ್ಲಿ ಸುಪ್ರೀಂ ಕೋರ್ಟ್ ಮಾತು ಬರುತ್ತೆ. 2025ರ ಆಗಸ್ಟ್ 11ರಂದು ದೆಹಲಿಯ ಬೀದಿನಾಯಿಗಳನ್ನೆಲ್ಲಾ ಹಿಡಿದು ಶೆಲ್ಟರ್‌ಗೆ ಹಾಕಿ ಅಂತ ಆದೇಶ ಆಯ್ತು. 22ಕ್ಕೆ ದೊಡ್ಡ ಪೀಠ ಅದನ್ನ ಬದಲಾಯಿಸಿ, ಸಂತಾನಹರಣ ಮಾಡಿ ಲಸಿಕೆ ಹಾಕಿ ಹಿಡಿದ ಜಾಗಕ್ಕೇ ಬಿಡಿ, ರೇಬೀಸ್ ಇರೋದನ್ನ, ಮೇಲೆ ಬೀಳೋದನ್ನ ಮಾತ್ರ ಬಿಡಬೇಡಿ ಅಂತು. ಟಿವಿಯಲ್ಲಿ ಒಂದು ಕಡೆ ನಾಯಿಪ್ರೇಮಿಗಳು, ಇನ್ನೊಂದು ಕಡೆ ಅಪಾರ್ಟ್‌ಮೆಂಟಿನೋರು. ಕೇರಿಯೋರನ್ನ ಯಾರೂ ಕೇಳಲಿಲ್ಲ. ನಮ್ಮ ನಾಯಿ ಅವರ ಯಾವ ಪಟ್ಟಿಗೂ ಸೇರಲ್ಲ. ಬೆಲ್ಟು ಲೈಸೆನ್ಸು ಇಲ್ಲ, ಹಾಗಂತ ಬೀದಿದೂ ಅಲ್ಲ. ಮೂರು ಮನೆ ಮುದ್ದೆ ತಿಂದು ಮೂವತ್ತು ಮನೆ ಕಾಯುತ್ತೆ. ಕಚ್ಚಿದ್ರೆ ಮಾತ್ರ ಅನುಭವಿಸೋದು ನಮ್ಮ ಮಕ್ಕಳೇ, ಅದನ್ನ ನಾನು ಮರೆತಿಲ್ಲ. ಪ್ರತಿ ವರ್ಷ ಸೆಪ್ಟೆಂಬರ್ 28ಕ್ಕೆ ರೇಬೀಸ್ ದಿನ ಅಂತ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಹಾಕ್ತಾರೆ. ಲೇಔಟ್‌ಗಳಿಂದ ಕಾರಲ್ಲಿ ನಾಯಿ ಬರುತ್ತೆ. ಕೇರಿ ನಾಯಿನ ಯಾರು ಎತ್ಕೊಂಡು ಹೋಗ್ತಾರೆ? ಲಸಿಕೆ ಕೇರಿಗೆ ಬರಬೇಕು.

ಈಗ ಯೋಜನೆ. ಕೊಡೋದು ಐದು ಆರು ವಾರದ ಮರಿ. ಬಿಸಿಲು ಬಲ್ಬಿನ ಶಾಖ ಬೇಕಾದ ವಯಸ್ಸು ದಾಟಿರುತ್ತೆ, ಅಲ್ಲಿವರೆಗೆ ಸರಿ. ಆದರೆ ಇವು ಯಂತ್ರದಲ್ಲಿ ಒಡೆದ ಮರಿಗಳು, ತಾಯಿ ಕಂಡಿಲ್ಲ. ಗಿಡುಗ ಬಂದಾಗ ಹೇಂಟೆ ಒಂದು ಸದ್ದು ಮಾಡುತ್ತೆ, ಮರಿಗಳೆಲ್ಲಾ ಬೇಲಿ ಬುಡಕ್ಕೆ ಸೇರ್ತವೆ. ಇವಕ್ಕೆ ಆ ಭಾಷೆನೇ ಗೊತ್ತಿಲ್ಲ. ನಾಯಿ ಬಂದ್ರೆ ಎದುರು ನಿಂತು ಕುಕ್ಕೋ ತಾಯಿನೂ ಇಲ್ಲ. ಹೆಬ್ಬಾಳದ ಪಶುವೈದ್ಯಕೀಯದೋರು ಬೆಳೆಸಿದ ಗಿರಿರಾಜ ಒಳ್ಳೇ ತಳಿ, ಮಾಂಸಕ್ಕೂ ಮೊಟ್ಟೆಗೂ ಆಗುತ್ತೆ. ಆದರೆ ಮೈ ಭಾರ, ಹಾರಿ ಗೋಡೆ ಹತ್ತೋ ಕಸುವು ಕಡಿಮೆ, ಕಾವಿಗೂ ಸಾಮಾನ್ಯವಾಗಿ ಕೂರಲ್ಲ. ಆಮೇಲೆ 2005ರಲ್ಲಿ ಬಂದ ಸ್ವರ್ಣಧಾರ ಮೈಯಲ್ಲಿ ಹಗುರ, ಕಾಡುಬೆಕ್ಕು ನರಿಯಿಂದ ತಪ್ಪಿಸಿಕೊಳ್ಳೋದರಲ್ಲಿ ಅದೇ ವಾಸಿ. ತಜ್ಞರಿಗೆ ಇದೆಲ್ಲಾ ಗೊತ್ತಿದೆ. ಹಂಚೋ ದಿನ ಮಾತ್ರ ಇದು ಯಾರ ಬಾಯಲ್ಲೂ ಬರಲ್ಲ. ಹತ್ತು ಮನೆಗೆ ಮರಿ ಕೊಡೋ ಬದಲು ಐದು ಮನೆಗೆ ಕಾವಿಗೆ ಕೂರೋ ನಾಟಿ ಹೇಂಟೆ ಕೊಟ್ಟು, ಅದರ ಕೆಳಗೆ ಇಡೋಕೆ ಒಳ್ಳೇ ಮೊಟ್ಟೆ ಕೊಡಿ. ಮರಿಗೂ ತಾಯಿ ಸಿಗುತ್ತೆ, ನಾಯಿಗೂ ಮೇಷ್ಟ್ರು ಸಿಗ್ತಾರೆ.

ಇನ್ನು ಗೂಡು. ನಾಯಿ ಕೋಳಿ ಜಗಳ ಅಂತ ನಾವು ಅಂದ್ಕೊಂಡಿರೋದು ನಿಜಕ್ಕೂ ಗೂಡಿಲ್ಲದ ಜಗಳ. ನೆಲದಿಂದ ಎರಡಡಿ ಎತ್ತರ, ಅರ್ಧ ಇಂಚಿನ ವೆಲ್ಡ್ ಮೆಶ್ (ಆರು ಮೂಲೆಯ ತೆಳು ಕೋಳಿಬಲೆ ಆಗಲ್ಲ, ನಾಯಿ ಹಲ್ಲಲ್ಲಿ ಹರಿಯುತ್ತೆ), ಸುತ್ತ ಮೆಶ್‌ನ ಒಂದಡಿ ಮಣ್ಣಲ್ಲಿ ಹೂತಿರಬೇಕು, ಚಿಲಕ ಇರೋ ಬಾಗಿಲು. ಇಷ್ಟಕ್ಕೆ ಜಾಗ ಬೇಕು. ನಮ್ಮ ಕೆಜಿಎಫ್ ಲೈನ್ ಮನೆಗಳನ್ನ ನೋಡಿರೋರಿಗೆ ಗೊತ್ತು. ನಮ್ಮಪ್ಪ ಗಣಿ ಕಾರ್ಮಿಕ. ಒಂದು ಕೋಣೆ, ಮುಂದೆ ಚಾಪೆಯಷ್ಟು ಜಾಗ, ಅದರಲ್ಲೇ ಮಂಕರಿ ಬೋರಲು ಹಾಕಿ ಅದರ ಮೇಲೊಂದು ಕಲ್ಲು. ಅದೇ ಗೂಡು. ದೇಶಕ್ಕೆ ಚಿನ್ನ ತೆಗೆದುಕೊಟ್ಟ ಜನಕ್ಕೆ ನೂರಿಪ್ಪತ್ತು ವರ್ಷದಲ್ಲಿ ಕೋಳಿಗೂಡಿನಷ್ಟು ನೆಲ ಬರಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲಿಂದ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗೋದೇ ಬದುಕು. ಕತ್ತಲಲ್ಲಿ ಹೋಗ್ತಾರೆ, ಕತ್ತಲಲ್ಲಿ ಬರ್ತಾರೆ. ಬಂಗಾರಪೇಟೆ ಸುತ್ತಿನ ಕೇರಿಗಳಲ್ಲೂ ಅದೇ ಕತೆ. ಹಗಲೆಲ್ಲಾ ಮನೇಲಿರೋದು ಒಬ್ಬ ಅಜ್ಜಿ, ಕೋಳಿ, ನಾಯಿ. ಸಂಜೆ ಆರೂವರೆಗೆ ಗೂಡಿನ ಬಾಗಿಲು ಹಾಕಬೇಕಾದ ಹೆಂಗಸು ಆಗಿನ್ನೂ ರೈಲಲ್ಲಿ ನಿಂತಿರ್ತಾಳೆ. ನಾಯಿ ತಿಂತು ಅಂತ ಬರೆದುಕೊಳ್ಳೋ ಅಧಿಕಾರಿ ಇದನ್ನೂ ಬರೆದುಕೊಳ್ಳಲಿ. (ಸೈನೈಡ್ ದಿಬ್ಬದ ಬುಡದಲ್ಲಿ ಕೆದರಿ ತಿನ್ನೋ ಕೋಳಿಗಳ ಮೊಟ್ಟೆನ ಒಮ್ಮೆ ಲ್ಯಾಬ್‌ಗೆ ಕಳಿಸಿ ಅನ್ನೋದು ನನ್ನ ಬೇರೆ ಬೇಡಿಕೆ. ಅದನ್ನ ಇನ್ನೊಂದಿನ ಬರೀತೀನಿ.)

ದೊಡ್ಡ ಯೋಜನೆ ಇಲ್ಲ ಅಂತಲ್ಲ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಗ್ರಾಮೀಣ ಕೋಳಿ ಉದ್ಯಮಕ್ಕೆ ಶೇ 50 ಸಬ್ಸಿಡಿ, 25 ಲಕ್ಷದವರೆಗೆ. ಆದರೆ ಘಟಕ ಅಂದ್ರೆ ಕನಿಷ್ಠ 1000 ತಾಯಿಕೋಳಿ. ಮಿಕ್ಕ ಅರ್ಧ ದುಡ್ಡು ಕೈಯಿಂದ ಇಲ್ಲಾ ಬ್ಯಾಂಕಿಂದ. ಜಮೀನಿನ ಕಾಗದ ಬೇಕು. ದಿನಾ ಫೈಲು ನೋಡೋ ಮನುಷ್ಯ ನಾನು, ಅರ್ಜಿ ನಮೂನೆ ನೋಡಿದ್ರೆ ಸಾಕು ಅದು ಯಾರಿಗಾಗಿ ಮಾಡಿದ್ದು ಅಂತ ಗೊತ್ತಾಗುತ್ತೆ. ಮೇಲಿನೋರಿಗೆ 1000 ಕೋಳಿ, ಕೆಳಗಿನೋರಿಗೆ ಪೆಟ್ಟಿಗೇಲಿ 20 ಮರಿ. ನಡುವೆ 50 ಕೋಳಿ, ಒಂದು ಗಟ್ಟಿ ಗೂಡು, ಎರಡು ಗುಂಟೆ ಬೇಲಿ ಅನ್ನೋ ಲೆಕ್ಕವೇ ಯಾರ ತಲೆಗೂ ಬರಲ್ವಾ? ಪರಿಶಿಷ್ಟರ ಉಪಯೋಜನೆಗೆ ಅಂತ 2013ರಲ್ಲಿ ಕಾಯ್ದೆನೇ ಆಗಿದೆ, ನಮ್ಮ ಜನಸಂಖ್ಯೆಗೆ ತಕ್ಕ ದುಡ್ಡು ಬಜೆಟ್‌ನಲ್ಲಿ ಇಡಲೇಬೇಕು. ಆ ದುಡ್ಡಲ್ಲಿ ಮೊದಲು ಗೂಡು ಕಟ್ಟಿಕೊಡಿ, ಆಮೇಲೆ ಮರಿ ತನ್ನಿ. ಅದಕ್ಕೂ ಮುಂಚೆ 94ಸಿ ಅರ್ಜಿ, ಫಾರಂ 57 ಅರ್ಜಿಗಳ ಕಂತೆ ಬಿಚ್ಚಿ. ಮನೆ ಅಡಿಯ ನೆಲಕ್ಕೇ ಹಕ್ಕುಪತ್ರ ಇಲ್ಲದೋಳು ಅದರ ಪಕ್ಕದಲ್ಲಿ ಕಂಬ ನೆಡೋಕೆ ಯಾವ ಧೈರ್ಯದಲ್ಲಿ ಹೋಗ್ತಾಳೆ?

ಬೇಲಿ ಅಂದಾಗ ಇನ್ನೊಂದು ಹೇಳಲೇಬೇಕು. ನಮ್ಮ ಕೋಳಿ ಪಕ್ಕದ ಜಮೀನಿಗೆ ಹೋದ್ರೆ ಅದು ಜಗಳ. ಅವರ ನಾಯಿ ನಮ್ಮಂಗಳಕ್ಕೆ ಬಂದು ಕೋಳಿ ಎತ್ಕೊಂಡು ಹೋದ್ರೆ ಅದು "ಮೂಕ ಪ್ರಾಣಿ, ಅದಕ್ಕೇನು ಗೊತ್ತು". ಹೊಲದ ಬದುವಿನಲ್ಲಿ ಔಷಧಿ ಕಲಸಿದ ಕಾಳು ಚೆಲ್ಲಿದ್ದಕ್ಕೆ ಒಂದೇ ದಿನ ಹನ್ನೊಂದು ಕೋಳಿ ಕಳೆದುಕೊಂಡ ಮನೆ ನನಗೆ ಗೊತ್ತು. ಆ ತಾಯಿ ಬಾಯಿ ಬಿಡಲಿಲ್ಲ, ಯಾಕೆ ಅಂದ್ರೆ ಆ ಹೊಲದಲ್ಲೇ ನಾಳೆ ಟೊಮೆಟೊ ಕೀಳೋ ಕೂಲಿಗೆ ಹೋಗಬೇಕು. ಮೇಲೆ ಹೇಳಿದ 325ನೇ ಕಲಂ ಅಲ್ಲಿಗೂ ಅನ್ವಯಿಸುತ್ತೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ನಮ್ಮ ಸಂಘಟನೆ ಹುಡುಗರೇ, ನಾಯಿಗೆ ಮದ್ದು ಹುಡುಕೋ ಸಿಟ್ಟನ್ನ ಅಂಥಾ ಮನೆ ಪರವಾಗಿ ಒಂದು ದೂರು ಬರೆಯೋಕೆ ಬಳಸಿ. ಬರೆಯೋಕೆ ಬರಲ್ಲ ಅಂದ್ರೆ ನನ್ನ ಹತ್ರ ಬನ್ನಿ, ಗುಮಾಸ್ತ ಇರೋದು ಇನ್ಯಾಕೆ.

ಕೊನೆಯದಾಗಿ ಕೊಕ್ಕರೆ ರೋಗ. ನಾಯಿಗಿಂತ ಹೆಚ್ಚು ಕೋಳಿ ಕೊಲ್ಲೋದು ಅದು. ಬಂದ್ರೆ ಕೇರಿಗೆ ಕೇರಿನೇ ಖಾಲಿ. ಲಸಿಕೆ ಇದೆ. ಏಳನೇ ದಿನದ ಆಸುಪಾಸಲ್ಲಿ ಮರಿಗೆ ಕಣ್ಣಿಗೋ ಮೂಗಿಗೋ ಒಂದು ತೊಟ್ಟು, ಎಂಟು ವಾರ ತುಂಬಿದ ಮೇಲೆ ರೆಕ್ಕೆ ಕೆಳಗೆ ಚುಚ್ಚುಮದ್ದು. ತೊಂದರೆ ಏನಂದ್ರೆ ಒಂದು ಸೀಸೆಯಲ್ಲಿ ನೂರು ಕೋಳಿಗೋ ಅದಕ್ಕೂ ಹೆಚ್ಚಿಗೋ ಆಗುವಷ್ಟು ಇರುತ್ತೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿವರೆಗೆ ಐಸ್‌ನಲ್ಲೇ ಇರಬೇಕು. ಹತ್ತು ಕೋಳಿ ಇರೋಳು ಒಬ್ಬಳೇ ಹೋಗಿ ಕೇಳಿದ್ರೆ ಸೀಸೆ ಒಡೆಯಲ್ಲ ಅಂತಾರೆ. ಹತ್ತು ಮನೆ ಸೇರಿದ್ರೆ ನೂರು ಕೋಳಿ ಆಯ್ತು.

ಅದಕ್ಕೇ ಬರೋ ಭಾನುವಾರ ಬೆಳಗ್ಗೆ ಆರು ಗಂಟೆಗೆ, ಕೋಳಿ ಬಿಡೋ ಮುಂಚೆ, ನಾನು ಹೇಳಿದ ಆ ಕೇರಿಯಲ್ಲಿ ಸೇರ್ತಾ ಇದೀವಿ. ಎಂಟು ವಾರ ದಾಟಿದ ಕೋಳಿಗಳಿಗೆ ಚುಚ್ಚುಮದ್ದು. ಲಸಿಕೆ ಹಾಕೋಕೆ ಬರೋ ಒಬ್ಬರು ಒಪ್ಪಿದ್ದಾರೆ. ಕೋಳಿಗಳನ್ನ ಶನಿವಾರ ರಾತ್ರಿನೇ ಮಂಕರಿ ಕೆಳಗೆ ಹಾಕಿಡಿ, ಬೆಳಗ್ಗೆ ಅಟ್ಟಾಡಿಸಿ ಹಿಡಿಯೋಕೆ ಟೈಮಿಲ್ಲ. ಬಂಗಾರಪೇಟೆ ಟೌನಿಂದ ಬರೋರು ಯಾರಾದ್ರೂ ಒಂದು ಐಸ್ ಬಾಕ್ಸ್ ತನ್ನಿ, ಮೀನು ಮಾರೋರ ಹತ್ರ ಸಿಗುತ್ತೆ, ಚೆನ್ನಾಗಿ ತೊಳೆದು ತನ್ನಿ. ಮನೆ ನಾಯಿಗಳನ್ನ ಕಟ್ಟಿರಿ, ಹೊಸಬರನ್ನ ಕಂಡ್ರೆ ಬೊಗಳ್ತವೆ. ಬರೋರು ಕಾಮೆಂಟಲ್ಲಿ ಹೇಳಿ, ಉಪ್ಪಿಟ್ಟಿಗೆ ರವೆ ಅಳತೆ ಹಾಕಬೇಕು.

ಜೈ ಭೀಮ್.